ಕಂಪ್ಯಾನಿಯನ್ ಪಾಸ್: ಯಾರ ಹೆಸರಲ್ಲಿ, ಯಾವ ತಿಂಗಳಲ್ಲಿ?

ಪ್ರಶ್ನೆ: ನಾವು ಟೆಕ್ಸಸ್‌ನ ಪ್ಲೇನೋದಲ್ಲಿದ್ದೇವೆ. ನಾನು ಎಚ್-1ಬಿ ವೀಸಾದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಹೆಂಡತಿಗೆ ಎಚ್-4 ಇಎಡಿ (ಎಚ್-1ಬಿಯವರ ಸಂಗಾತಿಗೆ ಸಿಗುವ ಕೆಲಸದ ಅನುಮತಿ) ಇದೆ, ಮನೆಯಲ್ಲೇ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಮಗಳಿಗೆ ಮೂರು ವರ್ಷ. ಬರುವ ಏಪ್ರಿಲ್‌ನಲ್ಲಿ ಹಾಸನದಿಂದ ಅಮ್ಮ ಆರು ತಿಂಗಳಿಗೆ ಬರುತ್ತಾರೆ. ಅವರನ್ನು ನಾಲ್ಕು ಕಡೆ ಸುತ್ತಾಡಿಸಬೇಕು ಅಂತ ಆಸೆ. ನನ್ನ ಸೌತ್‌ವೆಸ್ಟ್ ವಿಮಾನ ಕಂಪನಿಯ ಖಾತೆಯಲ್ಲಿ 42,000 ಪಾಯಿಂಟ್ ಇವೆ, ಚೇಸ್ ಬ್ಯಾಂಕಿನ ಸಫೈರ್ ಕ್ರೆಡಿಟ್ ಕಾರ್ಡಿನಲ್ಲಿ 1,10,000. ಚೇಸ್ ಪಾಯಿಂಟ್‌ಗಳನ್ನೂ ಸೌತ್‌ವೆಸ್ಟ್‌ಗೆ ಹಾಕಿದರೆ ಜೊತೆಗೆ ಒಬ್ಬರನ್ನು ಪುಕ್ಕಟೆ ಕರೆದೊಯ್ಯುವ ಕಂಪ್ಯಾನಿಯನ್ ಪಾಸ್ ಬಂದೇ ಬರುತ್ತದೆ ಅನ್ನುತ್ತಾರೆ ಗೆಳೆಯರು. ಹಾಕಲಾ? ಅದೇ ಪಾಸಿನಲ್ಲಿ ಬೆಂಗಳೂರಿಗೂ ಹೋಗಿಬರಬಹುದಾ?

ಉತ್ತರ: ಹಾಕಬೇಡಿ. ಹಾಕಿದರೆ ಖಾತೆಯಲ್ಲಿ 1,52,000 ಅಂತ ಕಾಣುತ್ತದೆ, ಪಾಸ್ ಮಾತ್ರ ಬರುವುದಿಲ್ಲ. ಬೆಂಗಳೂರಿಗಂತೂ ಆ ಪಾಸ್ ನಡೆಯುವುದೇ ಇಲ್ಲ, ಯಾಕೆಂದರೆ ಸೌತ್‌ವೆಸ್ಟ್ ಭಾರತಕ್ಕೆ ಹಾರುವುದಿಲ್ಲ. ಒಮ್ಮೆ ಸೌತ್‌ವೆಸ್ಟ್‌ಗೆ ಹೋದ ಚೇಸ್ ಪಾಯಿಂಟ್ ವಾಪಸ್ ಬರುವುದೂ ಇಲ್ಲ. ಅಲ್ಲಿಗೆ ಊರಿಗೆ ಹೋಗಲು ಇದ್ದ ಗಂಟೂ ಹೋಯಿತು, ಪಾಸೂ ಇಲ್ಲ.

ಆದರೆ ನಿಮ್ಮ ಮನೆಯ ಪರಿಸ್ಥಿತಿಯಲ್ಲಿ ಪಾಸ್ ಪಡೆಯುವ ದಾರಿ ಒಂದಿದೆ. ಅದನ್ನು ನಿಮ್ಮ ಹೆಸರಲ್ಲಿ ಮಾಡಬೇಡಿ, ನಿಮ್ಮ ಮನೆಯವರ ಹೆಸರಲ್ಲಿ ಮಾಡಿ. ಯಾಕೆ ಅಂತ ಹೇಳುತ್ತೇನೆ.

ಪಾಸ್ ಅಂದರೆ ಏನು ಅನ್ನುವುದನ್ನು ಚುಟುಕಾಗಿ ಮುಗಿಸೋಣ. ಒಂದು ಕ್ಯಾಲೆಂಡರ್ ವರ್ಷದಲ್ಲಿ, ಅಂದರೆ ಜನವರಿ 1ರಿಂದ ಡಿಸೆಂಬರ್ 31ರೊಳಗೆ, 1,35,000 ಅರ್ಹ ಪಾಯಿಂಟ್ ಗಳಿಸಬೇಕು. ಇಲ್ಲವೇ 100 ಸಲ ಒನ್‌ವೇ ಹಾರಬೇಕು. ಗಳಿಸಿದವರು ತಮ್ಮ ಜೊತೆಗೆ ಒಬ್ಬರ ಹೆಸರು ಬರೆಸಬಹುದು. ಆಮೇಲೆ ಅವರು ಎಲ್ಲಿಗೆ ಹೋದರೂ ಆ ಒಬ್ಬರ ಟಿಕೆಟ್‌ಗೆ ತೆರಿಗೆ ಮಾತ್ರ. ಅಮೆರಿಕದ ಒಳಗಾದರೆ ಒಂದು ದಿಕ್ಕಿಗೆ 5.60 ಡಾಲರ್‌ನಿಂದ ಶುರು. ಎಷ್ಟು ಸಲ ಅನ್ನುವ ಮಿತಿ ಇಲ್ಲ. ವಿಮಾನದಲ್ಲಿ ಮಾರಾಟಕ್ಕೆ ಒಂದು ಸೀಟು ಉಳಿದಿದ್ದರೆ ಸಾಕು. ಪಾಸ್ ಇರುವವರು ದುಡ್ಡು ಕೊಟ್ಟು ಟಿಕೆಟ್ ತೆಗೆದರೂ ಸರಿ, ಪಾಯಿಂಟ್‌ನಲ್ಲಿ ತೆಗೆದರೂ ಸರಿ. ಇದೇ ಈ ಪಾಸಿನ ದೊಡ್ಡಸ್ತಿಕೆ. ಬೇರೆ ಕಂಪನಿಗಳ ಕಂಪ್ಯಾನಿಯನ್ ಟಿಕೆಟ್‌ಗಳು ಹೆಚ್ಚಿನವು ಒಂದು ಸಲದ ಕೂಪನ್, ಅಷ್ಟೇ.

ಈಗ ಯಾವ ಪಾಯಿಂಟ್ ಲೆಕ್ಕಕ್ಕೆ ಬರುತ್ತದೆ ಅನ್ನುವುದು. ದುಡ್ಡು ಕೊಟ್ಟು ಹಾರಿದಾಗ ಬಂದದ್ದು, ಸೌತ್‌ವೆಸ್ಟ್‌ನ ಸ್ವಂತ ಕ್ರೆಡಿಟ್ ಕಾರ್ಡಿನಿಂದ ಬಂದದ್ದು (ಹೊಸ ಕಾರ್ಡಿನ ಬೋನಸ್ಸೂ ಸೇರಿ), ಅವರ ಶಾಪಿಂಗ್ ಪೋರ್ಟಲ್‌ನಂಥ ಪಾಲುದಾರರಿಂದ ಬಂದ ಮೂಲ ಪಾಯಿಂಟ್, ಇವು ಬರುತ್ತವೆ. ಚೇಸ್‌ನಿಂದ ವರ್ಗಾಯಿಸಿದ್ದು, ದುಡ್ಡಿಗೆ ಕೊಂಡದ್ದು, ಇನ್ನೊಬ್ಬ ಸದಸ್ಯರು ಕಳಿಸಿದ್ದು ಬರುವುದಿಲ್ಲ. ನಿಮ್ಮ 42,000ದಲ್ಲಿ ಹಿಂದಿನ ವರ್ಷಗಳಲ್ಲಿ ಬಂದದ್ದೂ ಬರುವುದಿಲ್ಲ. ಗಂಡ ಹೆಂಡತಿಯ ಲೆಕ್ಕವನ್ನು ಒಟ್ಟುಗೂಡಿಸುವ ಹಾಗೂ ಇಲ್ಲ. ಎಲ್ಲ ಒಬ್ಬರ ಖಾತೆಯಲ್ಲೇ ಸೇರಬೇಕು.

ಬರೀ ಹಾರಾಟದಿಂದ ಇದನ್ನು ಗಳಿಸೋಣ ಅಂದುಕೊಂಡರೆ ಲೆಕ್ಕ ಹೀಗಿದೆ. ಚಾಯ್ಸ್ ದರದ ಟಿಕೆಟ್‌ಗೆ ಡಾಲರಿಗೆ 6 ಪಾಯಿಂಟ್. 1,35,000 ಬೇಕಾದರೆ 22,500 ಡಾಲರ್‌ನ ಟಿಕೆಟ್ ತೆಗೆಯಬೇಕು. ಅತಿ ಅಗ್ಗದ ಬೇಸಿಕ್ ದರಕ್ಕೆ ಡಾಲರಿಗೆ ಎರಡೇ ಪಾಯಿಂಟ್. ಸಂಸಾರಸ್ಥರಿಗೆ ಇದು ಆಗುವ ಮಾತಲ್ಲ. ಹಾಗಾಗಿ ಪಾಸ್ ಪಡೆದವರಲ್ಲಿ ವಾರವಾರ ಹಾರುವ ಕನ್ಸಲ್ಟೆಂಟ್‌ಗಳನ್ನು ಬಿಟ್ಟರೆ ಉಳಿದವರು ಕಾರ್ಡ್ ಬೋನಸ್‌ನಿಂದಲೇ ಪಡೆಯುವುದು.

ಚೇಸ್ ಬ್ಯಾಂಕ್ ಸೌತ್‌ವೆಸ್ಟ್ ಹೆಸರಲ್ಲಿ ವೈಯಕ್ತಿಕ ಕಾರ್ಡ್ ಕೊಡುತ್ತದೆ, ವ್ಯಾಪಾರದ ಕಾರ್ಡೂ ಕೊಡುತ್ತದೆ. ಒಂದರ ಬೋನಸ್ ಸಾಮಾನ್ಯವಾಗಿ ಸಾಲದು, ಎರಡೂ ಸೇರಿದರೆ ಸಾಕಾಗುತ್ತದೆ. ಇಲ್ಲೇ ನಿಮ್ಮ ವೀಸಾ ಅಡ್ಡ ಬರುವುದು. ಎಚ್-1ಬಿಯಲ್ಲಿ ಇರುವವರು ವೀಸಾ ಕೊಡಿಸಿದ ಕಂಪನಿಯ ಕೆಲಸ ಬಿಟ್ಟರೆ ಬೇರೆ ಸ್ವಂತ ದುಡಿಮೆ ಮಾಡುವ ಹಾಗಿಲ್ಲ. ಇಲ್ಲದ ವ್ಯಾಪಾರವನ್ನು ಅರ್ಜಿಯಲ್ಲಿ ಬರೆದು ವ್ಯಾಪಾರದ ಕಾರ್ಡ್ ತೆಗೆಯಿರಿ ಅಂತ ಯಾರಾದರೂ ಹೇಳಿದರೆ ಅವರ ಮಾತು ಕೇಳಬೇಡಿ. ಗ್ರೀನ್ ಕಾರ್ಡ್ ಸರದಿಯಲ್ಲಿ ನಿಂತವರು ನಾಲ್ಕು ಟಿಕೆಟ್‌ಗೋಸ್ಕರ ಸುಳ್ಳು ಕಾಗದ ಹುಟ್ಟಿಸುವುದು ಬೇಡ.

ನಿಮ್ಮ ಮನೆಯವರ ವಿಷಯ ಬೇರೆ. ಎಚ್-4 ಇಎಡಿ ಇದ್ದರೆ ಸ್ವಂತ ಕೆಲಸಕ್ಕೂ ಅನುಮತಿ ಇದೆ. ಪಾಠದ ಫೀಸು ತೆಗೆದುಕೊಂಡು ತೆರಿಗೆಯಲ್ಲಿ ತೋರಿಸುತ್ತಿದ್ದಾರೆ ಅಂದರೆ ಅದು ವ್ಯಾಪಾರವೇ. ದೊಡ್ಡ ಕಂಪನಿ ಆಗಬೇಕಿಲ್ಲ, ಸೋಲ್ ಪ್ರೊಪ್ರೈಟರ್ ಅಂತ ಇದ್ದದ್ದನ್ನು ಇದ್ದ ಹಾಗೆ ಬರೆದರೆ ಸಾಕು. ಅವರ ಹೆಸರಲ್ಲೇ ಕ್ರೆಡಿಟ್ ಹಿಸ್ಟರಿ ಒಂದಷ್ಟು ಇರಬೇಕು. ಕಳೆದ 24 ತಿಂಗಳಲ್ಲಿ ಯಾವುದೇ ಬ್ಯಾಂಕಿನ ಐದು ಹೊಸ ಕಾರ್ಡ್ ಅವರ ರಿಪೋರ್ಟಿನಲ್ಲಿ ಇದ್ದರೆ ಚೇಸ್ ಸಾಮಾನ್ಯವಾಗಿ ಕೊಡುವುದಿಲ್ಲ. ಒಂದು ಎಚ್ಚರ: ನಿಮ್ಮ ಕಾರ್ಡುಗಳಿಗೆ ಅವರನ್ನು ಆಥರೈಸ್ಡ್ ಯೂಸರ್ ಅಂತ ಸೇರಿಸಿದ್ದರೆ ಅವೂ ಈ ಐದರ ಲೆಕ್ಕಕ್ಕೆ ಬೀಳುತ್ತವೆ.

ಬೋನಸ್ ಮೊತ್ತ ಆಗಾಗ ಬದಲಾಗುತ್ತದೆ. ಸುಮ್ನೆ ಲೆಕ್ಕಕ್ಕೆ, ಎರಡೂ ಕಾರ್ಡಿಗೆ ತಲಾ 60,000 ಅಂದುಕೊಳ್ಳಿ. ಅದಕ್ಕಾಗಿ ಒಂದೊಂದರಲ್ಲೂ 3,000 ಡಾಲರ್ ಖರ್ಚು ಮಾಡಬೇಕು ಅನ್ನೋಣ. 1,20,000 ಬೋನಸ್, ಖರ್ಚಿನ ಮೇಲೆ 6,000, ಒಟ್ಟು 1,26,000. ಸೌತ್‌ವೆಸ್ಟ್ ಕಾರ್ಡ್ ಇರುವವರಿಗೆ ಪಾಸಿನ ಲೆಕ್ಕಕ್ಕೆ ಅಂತಲೇ ವರ್ಷಕ್ಕೆ ಒಮ್ಮೆ 10,000 ಸೇರಿಸುತ್ತಾರೆ. ಅದು ಖರ್ಚು ಮಾಡಲು ಬರುವುದಿಲ್ಲ, ಎಣಿಕೆಗೆ ಮಾತ್ರ. ಕಾರ್ಡ್ ಎರಡಿದ್ದರೂ ಒಮ್ಮೆಯೇ. ಅಲ್ಲಿಗೆ 1,36,000. ಗೆರೆ ದಾಟಿದಿರಿ.

ಈಗ ತಾರೀಕಿನ ವಿಷಯ. ಇಡೀ ಕೆಲಸ ಕೆಡುವುದು ಇಲ್ಲೇ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪಾಸ್ ಸಿಕ್ಕಿದ ವರ್ಷದ ಉಳಿದ ದಿನಗಳು ಮತ್ತು ಮುಂದಿನ ವರ್ಷ ಪೂರ್ತಿ ನಡೆಯುತ್ತದೆ. ಫೆಬ್ರವರಿಯಲ್ಲಿ ಸಿಕ್ಕರೆ ಹೆಚ್ಚೂಕಡಿಮೆ 22 ತಿಂಗಳು. ಡಿಸೆಂಬರ್‌ನಲ್ಲಿ ಸಿಕ್ಕರೆ 12 ತಿಂಗಳ ಮೇಲೆ ನಾಲ್ಕು ದಿನ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಒಂದು ಬೋನಸ್ ಡಿಸೆಂಬರ್‌ನಲ್ಲಿ ಬಿದ್ದು ಇನ್ನೊಂದು ಜನವರಿಯಲ್ಲಿ ಬೀಳುವುದು. ಜನವರಿ 1ಕ್ಕೆ ಎಣಿಕೆ ಸೊನ್ನೆಗೆ ಬರುತ್ತದೆ. ಪಾಯಿಂಟ್ ಖಾತೆಯಲ್ಲೇ ಇರುತ್ತದೆ, ಟಿಕೆಟ್‌ಗೂ ಆಗುತ್ತದೆ, ಆದರೆ ಪಾಸಿನ ಲೆಕ್ಕದಿಂದ ಹೊರಗೆ.

ಕಾರ್ಡಿನ ಪಾಯಿಂಟ್ ಬೀಳುವುದು ಅಂಗಡಿಯಲ್ಲಿ ಉಜ್ಜಿದ ದಿನ ಅಲ್ಲ, ಸ್ಟೇಟ್‌ಮೆಂಟ್ ಮುಗಿದ ಮೇಲೆ. ನಿಮ್ಮ ಮನೆಯವರ ಕಾರ್ಡಿನ ಸ್ಟೇಟ್‌ಮೆಂಟ್ ಪ್ರತಿ ತಿಂಗಳು 20ಕ್ಕೆ ಮುಗಿಯುತ್ತದೆ ಅಂದುಕೊಳ್ಳಿ. ಡಿಸೆಂಬರ್ 19ರಂದು ಮಗಳ ಡೇಕೇರ್ ಫೀಸು ಕಟ್ಟಿದಾಗ ಒಟ್ಟು ಖರ್ಚು 3,000 ದಾಟಿತು ಅಂತಾದರೆ ಬೋನಸ್ ಡಿಸೆಂಬರ್‌ಗೇ ಬೀಳುತ್ತದೆ. ಅದೇ ಫೀಸನ್ನು 22ಕ್ಕೆ ಕಟ್ಟಿದ್ದರೆ ಜನವರಿ ಸ್ಟೇಟ್‌ಮೆಂಟ್. ಮೂರು ದಿನದ ವ್ಯತ್ಯಾಸಕ್ಕೆ ಪಾಸಿನ ಆಯಸ್ಸಿನಲ್ಲಿ ಹೆಚ್ಚೂಕಡಿಮೆ ಒಂದು ವರ್ಷ ಹೋಗುತ್ತದೆ.

ಆದ್ದರಿಂದ ನನ್ನ ಸಲಹೆ ಇದು. ವೈಯಕ್ತಿಕ ಕಾರ್ಡಿಗೆ ನವೆಂಬರ್ ನಡುವೆ ಅರ್ಜಿ ಹಾಕಲಿ. ವ್ಯಾಪಾರದ ಕಾರ್ಡಿಗೆ ಡಿಸೆಂಬರ್ ನಡುವೆ. ಎರಡಕ್ಕೂ ಒಂದೇ ದಿನ ಹಾಕುವುದು ಬೇಡ. ಖರ್ಚು ಮುಗಿಸಲು ಸಾಮಾನ್ಯವಾಗಿ ಮೂರು ತಿಂಗಳು ಕೊಡುತ್ತಾರೆ. ಆ ಮೂರು ತಿಂಗಳು ಶುರುವಾಗುವುದು ಅರ್ಜಿ ಒಪ್ಪಿದ ದಿನದಿಂದ, ಕಾರ್ಡ್ ಮನೆಗೆ ಬಂದ ದಿನದಿಂದ ಅಲ್ಲ. ವರ್ಷದ ಕೊನೆಯ ಸ್ಟೇಟ್‌ಮೆಂಟ್ ಮುಗಿಯುವವರೆಗೆ 2,000 ಡಾಲರ್ ಒಳಗೇ ಇರಲಿ. ಉಳಿದ ಸಾವಿರವನ್ನು ಜನವರಿಯಲ್ಲಿ ಮಾಮೂಲಿ ದಿನಸಿ, ಕಾರ್ ಇನ್ಶೂರೆನ್ಸ್, ಡೇಕೇರ್‌ನಲ್ಲೇ ತುಂಬಿಸಿ. ಡಿಸೆಂಬರ್‌ಗೇ ಬಿದ್ದ ಖರ್ಚಿನ ಪಾಯಿಂಟ್ ಹೊಸ ವರ್ಷದ ಎಣಿಕೆಗೆ ಬರುವುದಿಲ್ಲ, 1,35,000 ಮುಟ್ಟಲು ಕಡಿಮೆ ಬಿದ್ದಷ್ಟನ್ನು ಮುಂದಿನ ತಿಂಗಳ ಮಾಮೂಲಿ ಖರ್ಚಿನಲ್ಲೇ ತುಂಬಿಸಿಕೊಳ್ಳಿ. ಬೋನಸ್‌ಗೋಸ್ಕರ ಬೇಡದ ಸಾಮಾನು ಕೊಂಡರೆ, ಅಥವಾ ಬಿಲ್ ಪೂರ್ತಿ ಕಟ್ಟದೆ ಬಡ್ಡಿ ಬೀಳಿಸಿಕೊಂಡರೆ, ಮುಂದೆ ಓದುವ ಅಗತ್ಯವೇ ಇಲ್ಲ. ಈ ಕಾರ್ಡುಗಳ ಬಡ್ಡಿ ಯಾವ ಪಾಸನ್ನೂ ನುಂಗಿ ಹಾಕುತ್ತದೆ.

ಹೀಗೆ ಮಾಡಿದರೆ ಫೆಬ್ರವರಿ ಅಥವಾ ಮಾರ್ಚ್‌ಗೆ ಪಾಸ್ ಕೈಗೆ ಬರುತ್ತದೆ. ಅಮ್ಮ ಬರುವುದು ಏಪ್ರಿಲ್‌ಗೆ. ಸರಿಹೋಯಿತು ಅಲ್ವಾ?

ವ್ಯಾಪಾರದ ಕಾರ್ಡ್ ಸಿಗಲಿಲ್ಲ ಅಂದರೆ? 2024ರಲ್ಲೂ 2025ರಲ್ಲೂ ವರ್ಷದ ಶುರುವಿನಲ್ಲಿ ಚೇಸ್ ಬೇರೆ ಥರದ ಕೊಡುಗೆ ಬಿಟ್ಟಿತ್ತು: ಒಂದೇ ವೈಯಕ್ತಿಕ ಕಾರ್ಡ್, 4,000 ಡಾಲರ್ ಖರ್ಚು, ಅದಕ್ಕೆ 30,000 ಪಾಯಿಂಟ್ ಜೊತೆಗೆ ಮುಂದಿನ ಫೆಬ್ರವರಿ ಕೊನೆಯವರೆಗೆ ನಡೆಯುವ ಪಾಸ್. ಅಂಥದ್ದು ಮತ್ತೆ ಬಂದರೆ ಅಮ್ಮನ ಆರು ತಿಂಗಳಿಗೆ ಅದೇ ಧಾರಾಳವಾಯಿತು. ಆದರೆ ಬರಲಿ ಅಂತ ಕಾದು ಕೂರುವುದು ನಿಮ್ಮ ಧೈರ್ಯಕ್ಕೆ ಬಿಟ್ಟದ್ದು. ಕೈಲಿರುವ ಮೊದಲ ದಾರಿಯೇ ನನಗೆ ಮೇಲು ಅನ್ನಿಸುತ್ತದೆ.

ಇನ್ನು ಬಳಕೆ. ಪಾಸ್ ನಿಮ್ಮ ಮನೆಯವರ ಹೆಸರಲ್ಲಿ, ಜೊತೆಗಾರರ ಹೆಸರು ಅವರ ಅತ್ತೆಯದು. ಇದರ ಅರ್ಥ, ಅತ್ತೆ ಸೊಸೆ ಒಂದೇ ವಿಮಾನದಲ್ಲಿ ಹೋಗಬೇಕು. ಅಮ್ಮನನ್ನು ಒಬ್ಬರನ್ನೇ ಕಳಿಸಲಾಗದು, ನಿಮ್ಮ ಜೊತೆ ಕಳಿಸಿದರೂ ಪುಕ್ಕಟೆ ಆಗದು. ಶನಿವಾರ ಭಾನುವಾರ ಪಾಠ ಇರುವವರಿಗೆ ಇದು ಸಣ್ಣ ತೊಡಕಲ್ಲ. ಯಾವ ವಾರ ಪಾಠ ಬಿಡಬಹುದು ಅಂತ ಈಗಲೇ ಕೂತು ಮಾತಾಡಿ.

ನಿಮ್ಮ 42,000 ವ್ಯರ್ಥ ಅಂತ ಬೇಜಾರು ಮಾಡಿಕೊಳ್ಳಬೇಡಿ. ಪಾಸ್ ಇರುವವರ ಟಿಕೆಟನ್ನು ಯಾರ ಪಾಯಿಂಟ್‌ನಿಂದ ಬೇಕಾದರೂ ತೆಗೆಯಬಹುದು. ನಿಮ್ಮ ಖಾತೆಯಿಂದ ಮನೆಯವರಿಗೆ ಟಿಕೆಟ್ ತೆಗೆಯಿರಿ, ಅದರಲ್ಲಿ ಅವರ ರ‍್ಯಾಪಿಡ್ ರಿವಾರ್ಡ್ಸ್ (ಸೌತ್‌ವೆಸ್ಟ್‌ನ ಪಾಯಿಂಟ್ ಯೋಜನೆ) ನಂಬರ್ ಇರಲಿ. ಆಮೇಲೆ ಅವರ ಖಾತೆಗೆ ಹೋಗಿ ಅಮ್ಮನನ್ನು ಸೇರಿಸಿದರೆ ಆಯಿತು. ಆಫೀಸಿನವರು ತೆಗೆದುಕೊಟ್ಟ ಟಿಕೆಟ್‌ಗೂ ಇದು ನಡೆಯುತ್ತದೆ. ಕೆಲಸದ ಮೇಲೆ ಊರೂರು ಸುತ್ತುವ ಓದುಗರು ಪಾಸನ್ನು ತಮ್ಮ ಹೆಸರಲ್ಲೇ ಮಾಡಿಕೊಳ್ಳುವುದು ಜಾಣತನ.

ಇನ್ನೊಂದು ಅನುಕೂಲ ಇದೆ. ಜೂನ್, ಜುಲೈ ಟಿಕೆಟ್‌ಗೆ ಪಾಸ್ ಬರುವವರೆಗೆ ಕಾಯಬೇಕಿಲ್ಲ. ಬುಕಿಂಗ್ ಶುರುವಾದ ತಕ್ಷಣ ನಿಮ್ಮ ಮೂವರ ಟಿಕೆಟ್ ಪಾಯಿಂಟ್‌ನಲ್ಲಿ ತೆಗೆದಿಡಿ. ಪಾಸ್ ಬಂದಾಗ ಅಮ್ಮನನ್ನು ಸೇರಿಸಿ, ಸೀಟು ಉಳಿದಿದ್ದರೆ ಆಯಿತು. ಯೋಜನೆ ಬದಲಾದರೆ ವಿಮಾನ ಹೊರಡುವ 10 ನಿಮಿಷ ಮುಂಚಿನವರೆಗೂ ರದ್ದು ಮಾಡಬಹುದು, ಪಾಯಿಂಟ್ ಖಾತೆಗೆ ವಾಪಸ್. ದರ ಇಳಿದರೂ ಇದೇ ಉಪಾಯ.

ಪಾಯಿಂಟ್‌ಗೆ ಎಷ್ಟು ಬೆಲೆ ಸಿಗುತ್ತಿದೆ ಅಂತ ನೋಡುವ ಸೂತ್ರ ಸುಲಭ. ನಗದು ದರದಿಂದ, ಪಾಯಿಂಟ್ ಟಿಕೆಟ್‌ಗೂ ಕಟ್ಟಲೇಬೇಕಾದ ತೆರಿಗೆಯನ್ನು ಕಳೆಯಿರಿ. ಉಳಿದದ್ದನ್ನು ಪಾಯಿಂಟ್‌ನಿಂದ ಭಾಗಿಸಿ. ಹೊರಗಿಂದ ಬಂದ ಅಪ್ಪ ಅಮ್ಮಂದಿರೆಲ್ಲ ನೋಡುವ ನಯಾಗರವನ್ನೇ ತೆಗೆದುಕೊಳ್ಳಿ. ಡಲ್ಲಾಸ್ ಲವ್ ಫೀಲ್ಡ್‌ನಿಂದ ಬಫಲೋಗೆ ಹೋಗಿಬರಲು ಒಬ್ಬರಿಗೆ 340 ಡಾಲರ್, ಇಲ್ಲವೇ 25,000 ಪಾಯಿಂಟ್ ಮತ್ತು 11.20 ಡಾಲರ್ ಅಂದುಕೊಳ್ಳೋಣ. 328.80ನ್ನು 25,000ದಿಂದ ಭಾಗಿಸಿದರೆ ಪಾಯಿಂಟಿಗೆ 1.3 ಸೆಂಟ್. ಸೌತ್‌ವೆಸ್ಟ್ ಪಾಯಿಂಟ್‌ಗೆ ಇದು ಪರವಾಗಿಲ್ಲ ಅನ್ನುವ ಬೆಲೆ. ಒಂದು ಸೆಂಟ್ ಆಸುಪಾಸಿಗೆ ಇಳಿದರೆ ದುಡ್ಡು ಕೊಟ್ಟು ಹೋಗಿ, ಪಾಯಿಂಟ್ ಇಟ್ಟುಕೊಳ್ಳಿ.

ಈ ಲೆಕ್ಕವನ್ನು ಮನೆ ಮಂದಿಗೆಲ್ಲ ಹಾಕಿ. ನೀವು, ಮನೆಯವರು, ಮಗಳು, ಮೂರು ಟಿಕೆಟ್‌ಗೆ 75,000 ಪಾಯಿಂಟ್. ಮಗಳಿಗೆ ಎರಡು ದಾಟಿರುವುದರಿಂದ ತೊಡೆಯ ಮೇಲೆ ಕೂರಿಸಿಕೊಂಡು ಹೋಗುವ ಕಾಲ ಮುಗಿಯಿತು. ಅಮ್ಮನಿಗೆ ಬರೀ 11.20. ನಿಮ್ಮ 42,000 ಮತ್ತು ಅವರ 1,26,000 ಸೇರಿ 1,68,000. ಇಂಥ ಎರಡು ಪ್ರವಾಸಕ್ಕೆ 1,50,000 ಹೋಗುತ್ತದೆ. ನಾಲ್ಕು ಜನ ಎರಡು ಸಲ ಹೋಗಿಬಂದರೂ ಟಿಕೆಟ್ ಬಾಬ್ತು ಕೈಯಿಂದ 90 ಡಾಲರ್ ಮುಟ್ಟುವುದಿಲ್ಲ. ಜೊತೆಗೆ ಎರಡು ಕಾರ್ಡಿನ ವಾರ್ಷಿಕ ಶುಲ್ಕ. ವೈಯಕ್ತಿಕ ಕಾರ್ಡುಗಳದು 99, 149, 229 ಡಾಲರ್, ಕಾರ್ಡಿನ ಮಟ್ಟ ನೋಡಿಕೊಂಡು.

ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಈ ಎರಡು ಪ್ರವಾಸದಲ್ಲಿ ಪಾಸ್ ಉಳಿಸಿಕೊಟ್ಟದ್ದು ಅಮ್ಮನ ಎರಡು ಟಿಕೆಟ್, ಸುಮಾರು 650 ಡಾಲರ್. ಬೋನಸ್ ಪಾಯಿಂಟ್‌ಗಳ ಬೆಲೆ ಅದರ ದುಪ್ಪಟ್ಟಿಗಿಂತ ಜಾಸ್ತಿ. ಪಾಸಿನ ನಿಜವಾದ ಫಸಲು ಬರುವುದು ಅಮ್ಮ ಅಕ್ಟೋಬರ್‌ನಲ್ಲಿ ವಾಪಸ್ ಹೋದ ಮೇಲೆ. ಆಗಲೂ 14 ತಿಂಗಳು ಉಳಿದಿರುತ್ತದೆ. ಜೊತೆಗಾರರ ಹೆಸರನ್ನು ವರ್ಷಕ್ಕೆ ಮೂರು ಸಲ ಬದಲಿಸಬಹುದು. ನಿಮ್ಮ ಹೆಸರು ಹಾಕಿಸಿಕೊಳ್ಳಿ, ಅಥವಾ ಮಗಳದು ಹಾಕಿಸಿ. ಬದಲಿಸುವ ಮುಂಚೆ ಹಳೆಯ ಜೊತೆಗಾರರ ಹೆಸರಲ್ಲಿ ಬುಕ್ ಆಗಿರುವುದೆಲ್ಲ ಹಾರಿ ಮುಗಿದಿರಬೇಕು, ಇಲ್ಲವೇ ರದ್ದಾಗಿರಬೇಕು. ಆ 14 ತಿಂಗಳು ನೀವು ಎಲ್ಲೂ ಹೋಗುವವರಲ್ಲ ಅಂದರೆ ಈ ಪಾಸಿಗೆ ಇಷ್ಟೆಲ್ಲ ಒದ್ದಾಡಬೇಕಾಗಿಲ್ಲ. ಮಕ್ಕಳಿಗೆ ಶಾಲೆ ರಜೆ ಇರುವಾಗ ಮಾತ್ರ ಹೋಗುವ ಮನೆಗಳಲ್ಲಿ ಪಾಸ್ ವರ್ಷಕ್ಕೆ ಎರಡು ಸಲ ಹೊರಗೆ ಬಂದರೆ ಹೆಚ್ಚು.

ಪಾಯಿಂಟ್ ಕೂಡಿಡುವ ಚಪಲ ನಮ್ಮವರಲ್ಲಿ ಜಾಸ್ತಿ. ಸೌತ್‌ವೆಸ್ಟ್ ಪಾಯಿಂಟ್‌ಗೆ ಗಡುವು ಇಲ್ಲ ನಿಜ, ಆದರೆ ಬಡ್ಡಿಯೂ ಇಲ್ಲ. ನಿಯಮ ಬದಲಾಗುವುದು ಯಾವಾಗಲೂ ಅವರ ಕಡೆಗೆ. ಪಾಸಿಗೆ 2019ರವರೆಗೆ 1,10,000 ಸಾಕಿತ್ತು, 2020ರಲ್ಲಿ 1,25,000 ಆಯಿತು, 2023ರಲ್ಲಿ 1,35,000. 2025ರ ಮೇ 28ರಿಂದ ಎರಡು ಬ್ಯಾಗ್ ಪುಕ್ಕಟೆ ಅನ್ನುವ ಹಳೆಯ ಪದ್ಧತಿಯನ್ನೂ ತೆಗೆದರು. ಮೊದಲ ಬ್ಯಾಗಿಗೆ 35, ಎರಡನೆಯದಕ್ಕೆ 45 ಡಾಲರ್ ಅಂತ ಶುರು ಮಾಡಿದರು. ಕಾರ್ಡ್ ಇದ್ದವರಿಗೆ ಒಂದು ಬ್ಯಾಗ್ ಬಿಟ್ಟಿದ್ದಾರೆ. 2026ರ ಜನವರಿಯಿಂದ ಸೀಟೂ ಮೊದಲೇ ನಿಗದಿ, ಬೇಕಾದ ಸೀಟಿಗೆ ಓಡಿಹೋಗಿ ಕೂರುವ ಕಾಲ ಮುಗಿಯಿತು. ಬೇಸಿಕ್ ದರದಲ್ಲಿ ಅವರು ಕೊಟ್ಟ ಸೀಟೇ ಗತಿ. ವಯಸ್ಸಾದವರು, ಚಿಕ್ಕ ಮಗು ಜೊತೆಗಿದ್ದಾಗ ಬೇಸಿಕ್ ಅಗ್ಗ ಅಂತ ಹೋಗಬೇಡಿ. ಚಾಯ್ಸ್ ದರಕ್ಕೆ ಎಷ್ಟು ಪಾಯಿಂಟ್ ಜಾಸ್ತಿ ಅಂತ ನೋಡಿ ಆಮೇಲೆ ತೀರ್ಮಾನಿಸಿ.

ಎಲ್ಲಿಗೆ ಹೋಗಬೇಕು ಅನ್ನುವುದೂ ಲೆಕ್ಕದ ಭಾಗವೇ. ಪಿಯರ್‌ಲ್ಯಾಂಡ್‌ನ ಮೀನಾಕ್ಷಿ ದೇವಸ್ಥಾನಕ್ಕೆ ಅಮ್ಮನನ್ನು ಕರೆದುಕೊಂಡು ಹೋಗಲು ಹ್ಯೂಸ್ಟನ್‌ಗೆ ವಿಮಾನ ಬೇಡ, ಕಾರು ತೆಗೆಯಿರಿ. 1971ರಲ್ಲಿ ಸೌತ್‌ವೆಸ್ಟ್ ಹುಟ್ಟಿದ್ದೇ ಡಲ್ಲಾಸ್, ಹ್ಯೂಸ್ಟನ್, ಸ್ಯಾನ್ ಆಂಟೋನಿಯೋ ನಡುವೆ ಹಾರಲಿಕ್ಕೆ ಅನ್ನುವುದು ಬೇರೆ ಮಾತು. ದೂರದ, ದುಬಾರಿ ದಿನಗಳ ಪ್ರಯಾಣಕ್ಕೆ ಪಾಸ್ ಇಟ್ಟುಕೊಳ್ಳಿ. ಲೇಬರ್ ಡೇ ವಾರಾಂತ್ಯದಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ ‘ಅಕ್ಕ’ದ ಸಮ್ಮೇಳನ ನಡೆಯುವ ವರ್ಷಗಳಲ್ಲಿ ಟಿಕೆಟ್ ದರ ಏರುವುದನ್ನು ನೀವೇ ನೋಡಿರುತ್ತೀರಿ. ನಗದು ದರ ಏರಿದ ಹಾಗೆ ಪಾಯಿಂಟ್ ದರವೂ ಏರುತ್ತದೆ, ಆದರೆ ಜೊತೆಗಾರರಿಗೆ ಆಗಲೂ ಅದೇ 5.60. ಮೆಕ್ಸಿಕೊ, ಕೆರಿಬಿಯನ್ ದ್ವೀಪಗಳಿಗೂ ಪಾಸ್ ನಡೆಯುತ್ತದೆ, ತೆರಿಗೆ ಜಾಸ್ತಿ. ನಿಮ್ಮ ಪಾಸ್‌ಪೋರ್ಟಿನ ವೀಸಾ ಸ್ಟಾಂಪ್ ಮುಗಿದಿದ್ದರೆ ಇಮಿಗ್ರೇಶನ್ ವಕೀಲರನ್ನು ಕೇಳದೆ ಗಡಿ ದಾಟಬೇಡಿ.

ಈಗ ಬೆಂಗಳೂರಿನ ವಿಷಯ, ನಿಮ್ಮ 1,10,000 ಚೇಸ್ ಪಾಯಿಂಟ್‌ಗಳ ಗತಿ. ಇವು ಬೇರೆ ಬೇರೆ ವಿಮಾನ ಕಂಪನಿಗಳಿಗೆ ಒಂದಕ್ಕೆ ಒಂದರಂತೆ ಹೋಗುತ್ತವೆ. ಅದೇ ಇವುಗಳ ಬೆಲೆ. ಸೌತ್‌ವೆಸ್ಟ್ ಪಾಯಿಂಟ್ ಹಾಗೆ ಎಲ್ಲೂ ಹೋಗುವುದಿಲ್ಲ. ಅದಕ್ಕೇ ದೇಶದೊಳಗಿನ ಸುತ್ತಾಟಕ್ಕೆ ಸೌತ್‌ವೆಸ್ಟ್, ಊರಿಗೆ ಚೇಸ್ ಅಂತ ಬೇರೆ ಬೇರೆ ಇಡಿ ಅನ್ನುವುದು.

ನಿಮಗೆ ಮುಖ್ಯವಾಗಿ ಎರಡು ಕಡೆ ನೋಡುವುದಿದೆ. ಒಂದು, ಏರ್ ಫ್ರಾನ್ಸ್ ಮತ್ತು ಕೆಎಲ್‌ಎಂನ ಫ್ಲೈಯಿಂಗ್ ಬ್ಲೂ ಪಾಯಿಂಟ್ ಯೋಜನೆ. ಪ್ಯಾರಿಸ್‌ನಿಂದಲೂ ಆಮ್‌ಸ್ಟರ್‌ಡ್ಯಾಮ್‌ನಿಂದಲೂ ಬೆಂಗಳೂರಿಗೆ ನೇರ ವಿಮಾನ ಇದೆ. ಎರಡರಿಂದ 11 ವರ್ಷದ ಮಕ್ಕಳಿಗೆ ಈ ಎರಡು ಕಂಪನಿಗಳ ವಿಮಾನದಲ್ಲಿ ಶೇ 25 ಕಡಿಮೆ ಮೈಲ್ಸ್ ಸಾಕು, ನಿಮ್ಮ ಮಗಳಿಗೆ ಅನುಕೂಲ. ಎರಡು, ಏರ್ ಕೆನಡಾದ ಏರೋಪ್ಲಾನ್. ಅದರಲ್ಲಿ ಲುಫ್ತಾನ್ಸಾದ ಫ್ರಾಂಕ್‌ಫರ್ಟ್-ಬೆಂಗಳೂರು ವಿಮಾನಕ್ಕೂ ಟಿಕೆಟ್ ತೆಗೆಯಬಹುದು, ಇಂಧನದ ಹೆಸರಲ್ಲಿ ಹಾಕುವ ಸರ್‌ಚಾರ್ಜ್ ಇರುವುದಿಲ್ಲ. ಪಾಲುದಾರ ಕಂಪನಿಯ ಟಿಕೆಟ್‌ಗೆ ಅಂತ 39 ಕೆನಡಿಯನ್ ಡಾಲರ್ ಹಿಡಿಯುತ್ತಾರೆ, ಅಷ್ಟೆ. ಲಂಡನ್ ಮೂಲಕ ಹೋಗುವ ಬ್ರಿಟಿಷ್ ಏರ್‌ವೇಸ್, ವರ್ಜಿನ್ ಅಟ್ಲಾಂಟಿಕ್‌ನಲ್ಲಿ ಪಾಯಿಂಟ್ ಕಡಿಮೆ ಕಂಡರೂ ಸರ್‌ಚಾರ್ಜ್ ಜೇಬು ಸುಡುತ್ತದೆ. ಮೇಲಿನ ಸೂತ್ರವನ್ನೇ ಇಲ್ಲಿಗೂ ಹಾಕಿ, ತೆರಿಗೆ ಸರ್‌ಚಾರ್ಜ್ ಕಳೆಯುವುದನ್ನು ಮರೆಯಬೇಡಿ.

ಎಕಾನಮಿಯಲ್ಲಿ ಊರಿಗೆ ಹೋಗಲು ಪಾಯಿಂಟ್ ಸುರಿಯುವುದು ಎಷ್ಟೋ ಸಲ ಲಾಭವಲ್ಲ. ಫೆಬ್ರವರಿ, ಸೆಪ್ಟೆಂಬರ್‌ನಂಥ ಸಪ್ಪೆ ದಿನಗಳಲ್ಲಿ ನಗದು ದರವೇ ಇಳಿದಿರುತ್ತದೆ. ಡಿಸೆಂಬರ್ ರಜೆಯಲ್ಲಿ, ಜೂನ್ ಮೊದಲ ವಾರದಲ್ಲಿ ಪಾಯಿಂಟ್‌ಗೆ ಬೆಲೆ ಬರುತ್ತದೆ. ಆಗ ಪಾಯಿಂಟ್ ಸೀಟೇ ಸಿಗುವುದಿಲ್ಲ ಅನ್ನುವುದು ಇನ್ನೊಂದು ಪಾಡು. ಹೆಚ್ಚು ಕಡಿಮೆ 11 ತಿಂಗಳ ಮುಂಚೆ ಬುಕಿಂಗ್ ತೆರೆಯುತ್ತದೆ, ಆಗಲೇ ನೋಡಬೇಕು. ಸೀಟು ಕಣ್ಣಿಗೆ ಕಂಡ ಮೇಲೆ ಮಾತ್ರ ಚೇಸ್‌ನಿಂದ ವರ್ಗಾಯಿಸಿ, ಯಾವತ್ತೂ ಅದಕ್ಕಿಂತ ಮುಂಚೆ ಬೇಡ.

ಅಮ್ಮ ಒಬ್ಬರೇ ಬರುತ್ತಿದ್ದಾರೆ ಅಂದರೆ ಪಾಯಿಂಟ್ ಉಳಿಸುವುದಕ್ಕೆ ಎರಡು ಬೇರೆ ಟಿಕೆಟ್ ಜೋಡಿಸಬೇಡಿ. ಬೆಂಗಳೂರಿನಿಂದ ಡಲ್ಲಾಸ್‌ವರೆಗೆ ಒಂದೇ ಟಿಕೆಟ್, ಒಂದೇ ಕಡೆ ಇಳಿದು ಹತ್ತುವುದು. ದೋಹಾ ದಾರಿ ಇಷ್ಟವಾದರೆ ಚೇಸ್ ಪಾಯಿಂಟ್ ಬ್ರಿಟಿಷ್ ಏರ್‌ವೇಸ್‌ನ ಏವಿಯೋಸ್ (ಅವರ ಪಾಯಿಂಟ್‌ನ ಹೆಸರು) ಆಗಿ, ಅಲ್ಲಿಂದ ಕತಾರ್ ಏರ್‌ವೇಸ್ ಖಾತೆಗೆ ಹೋಗುತ್ತದೆ. ಒಂದು ದಿಕ್ಕಿಗೆ ಪಾಯಿಂಟ್, ಇನ್ನೊಂದಕ್ಕೆ ನಗದು ಅಂತ ಮಾಡುವ ಮುಂಚೆ, ಎರಡೂ ದಿಕ್ಕಿನ ನಗದು ಟಿಕೆಟ್ ಎಷ್ಟಿದೆ ನೋಡಿ. ಒನ್‌ವೇ ನಗದು ಟಿಕೆಟ್ ಅರ್ಧ ದರಕ್ಕೆ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ.

ಬೇರೆ ಕಂಪ್ಯಾನಿಯನ್ ಟಿಕೆಟ್‌ಗಳ ಬಗ್ಗೆ ಕೇಳಿಲ್ಲ, ಆದರೂ ಎರಡು ಮಾತು. ಅಲಾಸ್ಕಾ ಕಾರ್ಡಿನದು 99 ಡಾಲರ್ ಮತ್ತು ತೆರಿಗೆಗೆ ಎರಡನೆಯವರ ಸೀಟು. ಸಿಯಾಟಲ್, ಪೋರ್ಟ್‌ಲ್ಯಾಂಡ್ ಕಡೆಯವರಿಗೆ ಚೆನ್ನಾಗಿದೆ, ಡಲ್ಲಾಸ್‌ನವರಿಗೆ ಅಷ್ಟಕ್ಕಷ್ಟೆ. ಡೆಲ್ಟಾದ ದುಬಾರಿ ಕಾರ್ಡುಗಳಲ್ಲಿ ವರ್ಷಕ್ಕೊಂದು ಸರ್ಟಿಫಿಕೇಟ್ ಬರುತ್ತದೆ. ಇವೆರಡೂ ನಗದು ಟಿಕೆಟ್‌ಗೆ ಮಾತ್ರ. ಬೆಂಗಳೂರಿಗೆ ನಿಜವಾಗಿ ನಡೆಯುವುದು ಬ್ರಿಟಿಷ್ ಏರ್‌ವೇಸ್ ಕಾರ್ಡಿನ ವೋಚರ್. ಅಮೆರಿಕದಲ್ಲಿ ಅದಕ್ಕೆ ವರ್ಷಕ್ಕೆ 30,000 ಡಾಲರ್ ಖರ್ಚು ಮಾಡಬೇಕು. ಎರಡನೆಯವರ ಏವಿಯೋಸ್ ಮಾಫಿ, ತೆರಿಗೆ ಸರ್‌ಚಾರ್ಜ್ ಇಬ್ಬರದೂ ಪೂರ್ತಿ. ಬಿಸಿನೆಸ್ ಕ್ಲಾಸಿನಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕರೆಸುವ ಆಸೆ ಇದ್ದರೆ ಅದು ಸಾರ್ಥಕ. ಎಕಾನಮಿಗೆ ಬೇಡವೇ ಬೇಡ.

ಕೊನೆಯದಾಗಿ ಹೆಸರಿನ ವಿಷಯ. ಜೊತೆಗಾರರಾಗಲು ಅಮ್ಮನಿಗೂ ರ‍್ಯಾಪಿಡ್ ರಿವಾರ್ಡ್ಸ್ ಖಾತೆ ಬೇಕು, ದುಡ್ಡಿಲ್ಲದೆ ತೆರೆಯಬಹುದು. ಅದರಲ್ಲಿ ಹೆಸರನ್ನು ಮನೆಯಲ್ಲಿ ಕರೆಯುವ ಹಾಗೆ ಬರೆಯಬೇಡಿ. ನಮ್ಮ ಕಡೆ ಎಷ್ಟೋ ಅಮ್ಮಂದಿರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಅಂಥವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ ಅನ್ನುವುದರ ಚುಟುಕು) ಅಂತ ಬಿದ್ದು, ಇದ್ದ ಹೆಸರೆಲ್ಲ ಸರ್‌ನೇಮ್ ಆಗಿರುತ್ತದೆ. ವಿಮಾನ ನಿಲ್ದಾಣದಲ್ಲಿ ತೋರಿಸುವುದು ಅದೇ ಪಾಸ್‌ಪೋರ್ಟು, ಅದೇ ವೀಸಾ. ಹಾಗಾಗಿ ಆ ಪುಟಗಳ ಫೋಟೋ ತರಿಸಿಕೊಂಡು, ಅದರಲ್ಲಿರುವ ಹಾಗೇ ಅಕ್ಷರ ಅಕ್ಷರ ತುಂಬಿ, ಹುಟ್ಟಿದ ದಿನಾಂಕವನ್ನೂ ಅದರ ಪ್ರಕಾರವೇ ಹಾಕಿ. ಆಮೇಲೆ ತಿದ್ದಿಸುವುದು ಕಿರಿಕಿರಿ. ಖಾತೆಯನ್ನು ಏಪ್ರಿಲ್‌ಗೆ ಕಾಯದೆ ಈ ವಾರವೇ ತೆರೆದಿಡಿ. ಅಮ್ಮನಿಗೆ ದೂರ ನಡೆಯುವುದು ಕಷ್ಟ ಅಂದರೆ ಬುಕ್ ಮಾಡುವಾಗಲೇ ವೀಲ್‌ಚೇರ್ ಬೇಕು ಅಂತ ಗುರುತು ಹಾಕಿ, ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.